ಒಂದೇ ಬಾಯಿ, ಎರಡು ವೈರು

ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತಿದೆ. ಸಾವ್ಕಾರರ ಲ್ಯಾಬಿಗೆ ನಡಿ ಅಂದದ್ದಷ್ಟೇ. ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ರಕ್ತದ ರಿಪೋರ್ಟ್ ತರಲು ಹೊರಟಿದ್ದರೆ ಸುಮ್ಮನೆ ಹೋಗಬೇಡಿ, ಕೌಂಟರಿನಲ್ಲಿ ಕೂರುವ ಹುಡುಗಿ ಅಲ್ಲಿನ ಕಂಪ್ಯೂಟರೆಲ್ಲ ಕೆಡಿಸಿ ಇಟ್ಟಿದ್ದಾಳೆ ಎಂದ.

ನಾನು ಹೊರಟದ್ದೇ ಆ ಕಂಪ್ಯೂಟರುಗಳನ್ನು ನೋಡಲು. ಇನ್ನೂ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಿಲ್ಲ, ಆಗಲೇ ಏನು ಕೆಟ್ಟಿದೆ, ಕೆಡಿಸಿದವರು ಯಾರು ಎಂಬುದೆಲ್ಲ ಆಟೋದಲ್ಲೇ ಇತ್ಯರ್ಥವಾಗಿತ್ತು. ನಿನಗೆ ಯಾರು ಹೇಳಿದರಪ್ಪಾ ಅಂದೆ. ಎಲ್ಲಾರೂ ಅನ್ನಾಕತ್ಯಾರ್ರಿ ಅಂದ.

ಈ ‘ಎಲ್ಲಾರೂ’ ಎಂಬ ಮನುಷ್ಯನನ್ನು ಒಮ್ಮೆಯಾದರೂ ನೋಡಬೇಕೆಂದು ನನಗೆ ಬಹಳ ದಿನದ ಆಸೆ. ಎಲ್ಲಿರುತ್ತಾನೆ? ಹೊಟ್ಟೆಪಾಡಿಗೆ ಏನು ಮಾಡುತ್ತಾನೆ? (ಏನೂ ಮಾಡುವುದಿಲ್ಲ, ಅದಕ್ಕೇ ಇಷ್ಟು ಪುರುಸೊತ್ತು.)

ನನ್ನ ಹೊಟ್ಟೆಪಾಡು ಏನೆಂದು ಈ ಅಂಕಣ ಓದುವವರಿಗೆ ಗೊತ್ತು. ಹೊಸಬರಿಗೆ ಹೇಳುತ್ತೇನೆ. ಆಫೀಸು, ಕಾಲೇಜು, ಲ್ಯಾಬುಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ವೈರು ಎಳೆದು ಜೋಡಿಸುವುದು, ಅದು ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು. ಮನೆ ಕಲಬುರಗಿಯಲ್ಲಿ. ಆದರೆ ಅರ್ಧ ಆಯುಷ್ಯ ಆಳಂದ, ಅಫಜಲಪುರ, ಜೇವರ್ಗಿ ಬಸ್ಸುಗಳ ಕಿಟಕಿ ಸೀಟಿನಲ್ಲಿ ಕಳೆದುಹೋಗಿದೆ.

ಗುರುಪಾದಪ್ಪ ಸಾವ್ಕಾರರು ಮೂಲತಃ ತೊಗರಿ ವ್ಯಾಪಾರಿ. ಈಗ ರಕ್ತ ಪರೀಕ್ಷೆಯ ಲ್ಯಾಬುಗಳೂ ಇವೆ. ದೊಡ್ಡದು ಜೇವರ್ಗಿಯಲ್ಲಿ. ಆಳಂದದ ಶಾಖೆಯನ್ನು ಅವರ ತಮ್ಮ ಮಲ್ಲಣ್ಣ ನೋಡಿಕೊಳ್ಳುತ್ತಾರೆ, ಅಫಜಲಪುರದ್ದನ್ನು ಅಳಿಯ ಚಂದ್ರಕಾಂತ. ಅಲ್ಲಿಂದ ರಕ್ತದ ಸ್ಯಾಂಪಲ್ ಇಲ್ಲಿಗೆ ಬರುತ್ತದೆ, ಇಲ್ಲಿಂದ ರಿಪೋರ್ಟು ಕಂಪ್ಯೂಟರಿನಲ್ಲಿ ಅಲ್ಲಿಗೆ ಹೋಗುತ್ತದೆ. ಜೇವರ್ಗಿ ನಿಂತರೆ ಮೂರೂ ಊರು ನಿಂತಂತೆ. ಹಿಂದಿನ ದಿನ ಅಮಾವಾಸ್ಯೆ. ಆ ಅಮಾವಾಸ್ಯೆಯ ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಜೇವರ್ಗಿ ನಿಂತಿತ್ತು.

ಲ್ಯಾಬಿನ ಹೊರಗೆ ರೋಗಿಗಳು ಕೂರುವ ಬೆಂಚಿದೆ. ಅದರ ತುದಿಯಲ್ಲಿ ಒಬ್ಬ ಹುಡುಗಿ ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಬುತ್ತಿ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಜಗದೇವಿ. ಹತ್ತಿರದ ನೆಲೋಗಿ ಊರಿನವಳು. ದಿನಾ ಬಸ್ಸಿನಲ್ಲಿ ಬಂದು ಕೌಂಟರಿನಲ್ಲಿ ಕೂತು ಹೆಸರು ಬರೆದುಕೊಳ್ಳುವುದು, ರಿಪೋರ್ಟ್ ಕೊಡುವುದು ಅವಳ ಕೆಲಸ. ಅವತ್ತು ಕೌಂಟರಿನ ಆಚೆ ಇರಬೇಕಾದವಳು ಈಚೆ ಕೂತಿದ್ದಳು. ಆಟೋದವನು ಹೇಳಿದ ಹುಡುಗಿ ಇವಳೇ ಎಂದು ತಿಳಿಯಲು ಕಷ್ಟವಾಗಲಿಲ್ಲ.

ಸಾವ್ಕಾರರು ಶರಣ್ರೀ ಅಂದರು, ಚಹಾ ತರಿಸಿದರು, ನಡೆದದ್ದನ್ನು ಹೇಳಿದರು. ಅಮಾವಾಸ್ಯೆಯ ಹಿಂದಿನ ಸಂಜೆಯವರೆಗೂ ಎಲ್ಲ ಬರೋಬ್ಬರಿ ಇತ್ತಂತೆ. ಬೆಳಿಗ್ಗೆ ನೆಲೋಗಿ ಬಸ್ಸು ಬಂತು, ಹುಡುಗಿ ಬಂದಳು, ಬಟನ್ ಒತ್ತಿದಳು, ಎಲ್ಲ ಗಪ್ಪಾಯಿತು. ಆಫ್ ಮಾಡಿ ಆನ್ ಮಾಡಿದರೆ ಒಂದು ಗಳಿಗೆ ನಡೆಯುತ್ತದೆ, ಮತ್ತೆ ಗಪ್ಪು. ಏನು ಕೆಡಿಸಿದ್ದಾಳೆ ಎಂದು ನಾನು ನೋಡಿ ಹೇಳಿದ ಕೂಡಲೇ ಕೌಂಟರಿನ ಕೀಲಿ ಇಸಿದುಕೊಂಡು ಅವಳನ್ನು ಕಳಿಸಿಬಿಡುವುದು ಎಂದು ಮನೆಯಲ್ಲಿ ಮಾತಾಗಿದೆಯಂತೆ.

ಅವಳೇ ಕೆಡಿಸಿದ್ದು ಅಂತ ಹೇಗೆ ಹೇಳ್ತೀರಿ ಎಂದು ಕೇಳಿದೆ.

“ನಾ ಒಬ್ಬಾಂವ ಅಂದಿದ್ರ ಬಿಡ್ರಿ ಮೇಡಂ,” ಅಂದರು. “ಆಳಂದದಾಗ ನಮ್ಮ ತಮ್ಮನೂ ಅದೇ ಅಂತಾನ. ಅಫಜಲಪುರದಾಗ ನಮ್ಮ ಅಳಿಯಾನೂ ಅದೇ ಅಂತಾನ. ಮೂರೂರ ಮಂದಿ ಸುಳ್ಳ ಹೇಳ್ತಾರೇನ್ರಿ?”

ನಿಜ ಹೇಳಲೇ? ಆ ಕ್ಷಣ ನನಗೂ ಹೌದೇನೋ ಅನ್ನಿಸಿತು. ಮೂರು ಊರು, ಜೊತೆಗೆ ಆಟೋದವನು ಬೇರೆ. ಇಷ್ಟು ಜನ ಹೇಳುವಾಗ ಏನೋ ಒಂದಿಷ್ಟು ಇದ್ದೇ ಇರುತ್ತದೆ ಎಂದು ನಮ್ಮ ತಲೆ ತಾನೇ ಒಪ್ಪಿಕೊಂಡುಬಿಡುತ್ತದೆ.

ಆದರೂ ಕೆಲಸ ಶುರುಮಾಡುವ ಮೊದಲು ಬೆಂಚಿನ ಹತ್ತಿರ ಹೋಗಿ ಜಗದೇವಿಯನ್ನು ಕೇಳಿದೆ, ಏನೇನು ಮುಟ್ಟಿದ್ದೆ ಅಂತ. ದಿನಾ ಮಾಡುವುದನ್ನೇ ಮಾಡಿದೆ, ಬಟನ್ ಒತ್ತಿದೆ ಅಂದಳು. ಬೇರೆ? ಬೇರೆ ಏನಿಲ್ಲ. ಅಳುತ್ತಾಳೇನೋ ಅಂದುಕೊಂಡೆ, ಅಳಲಿಲ್ಲ. ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಒತ್ತುತ್ತಾ, ನೆಲ ನೋಡುತ್ತಾ ಒಂದು ಮಾತು ಹೇಳಿದಳು.

“ಕೆಲ್ಸ ಹೋದ್ರ ಹೋಗ್ಲಿರಿ ಮೇಡಂ. ಕೆಡಿಸಿದಾಕಿ ಅಂತ ಹೆಸರು ಹಚ್ಚಿ ಕಳಸಬ್ಯಾಡ್ರಿ ಅಂತ ಅವರಿಗಿ ಹೇಳ್ರಿ. ಮುಂದ ನನ್ನ ಎಲ್ಲಿ ಕರೀತಾರ?”

ಅವಳು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ. ನಮ್ಮ ಕಡೆ ಲ್ಯಾಬು, ದವಾಖಾನೆ, ಕಂಪ್ಯೂಟರ್ ಸೆಂಟರುಗಳ ಮಾಲೀಕರೆಲ್ಲ ಹೇಗೋ ಒಬ್ಬರಿಗೊಬ್ಬರು ಬೀಗರು, ಇಲ್ಲವೇ ಬೀಗರ ಬೀಗರು. ಜೇವರ್ಗಿಯಲ್ಲಿ ಹಚ್ಚಿದ ಹೆಸರು ಪಕ್ಕದ ಯಡ್ರಾಮಿಗೆ ಅವಳಿಗಿಂತ ಮೊದಲು ತಲುಪುತ್ತದೆ.

ಕೌಂಟರಿನ ಹಿಂದೆ ಒಂದು ಸ್ವಿಚ್ಚಿದೆ. ಲೈಟ್ ಹಾಕುವ ಸ್ವಿಚ್ಚಲ್ಲ, ಕಂಪ್ಯೂಟರಿನ ವೈರುಗಳೆಲ್ಲ ಬಂದು ಕೂಡುವ ಪೆಟ್ಟಿಗೆ. ಮೇಲಿನ ಮಹಡಿಯಲ್ಲಿ ರಕ್ತ ಪರೀಕ್ಷೆಯ ಮಷೀನುಗಳ ಪಕ್ಕ ಇನ್ನೊಂದು. ಕೆಳಗಿನದರ ದೀಪಗಳನ್ನು ನೋಡಿದೆ. ಅಷ್ಟೂ ದೀಪ ಒಟ್ಟಿಗೆ, ಹುಚ್ಚು ಹಿಡಿದ ಹಾಗೆ ಮಿಟುಕುತ್ತಿದ್ದವು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಮಷೀನು ಸುಟ್ಟಿರಲಿಲ್ಲ, ಯಾವ ಕಂಪ್ಯೂಟರೂ ಕೆಟ್ಟಿರಲಿಲ್ಲ. ಎಲ್ಲೋ ವೈರುಗಳು ಒಂದು ಸುತ್ತು ಹಾಕಿಕೊಂಡಿದ್ದವು. ಒಂದು ಕಂಪ್ಯೂಟರ್ ‘ಪ್ರಿಂಟರ್ ಎಲ್ಲಿದೆ’ ಎಂದು ಎಲ್ಲರನ್ನೂ ಕೇಳುತ್ತದೆ ಅಂತಿಟ್ಟುಕೊಳ್ಳಿ. ಆ ಮಾತು ಒಂದು ವೈರಿನಿಂದ ಮೇಲೆ ಹೋಗಿ, ಇನ್ನೊಂದು ವೈರಿನಿಂದ ಕೆಳಗೆ ಬಂದು, ಹೊಸ ಮಾತೇನೋ ಎಂಬಂತೆ ಮತ್ತೆ ಮೇಲೆ ಹೋಗುತ್ತದೆ. ಹೀಗೆ ಸುತ್ತಿ ಸುತ್ತಿ, ನಿಜವಾದ ಕೆಲಸದ ಮಾತಿಗೆ ಜಾಗವೇ ಉಳಿಯುವುದಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಲೂಪ್ ಅನ್ನುತ್ತೇವೆ.

ಇದನ್ನು ಹುಡುಕಲು ದೊಡ್ಡ ವಿದ್ಯೆ ಬೇಡ, ತಾಳ್ಮೆ ಬೇಕು. ಒಂದೊಂದೇ ವೈರು ಕೀಳಬೇಕು, ದೀಪ ನೋಡಬೇಕು. ಕೀಳುತ್ತಾ ಬಂದೆ. ಒಂದು ನೀಲಿ ವೈರು ಕಿತ್ತದ್ದೇ ತಡ, ದೀಪಗಳೆಲ್ಲ ತಣ್ಣಗಾದವು. ಕೌಂಟರಿನ ಮೇಲಿದ್ದ ಪ್ರಿಂಟರು ಹಿಂದಿನ ದಿನದ ರಿಪೋರ್ಟುಗಳನ್ನು ತಾನಾಗಿ ಉಗುಳತೊಡಗಿತು.

ಆ ನೀಲಿ ವೈರು ಎಲ್ಲಿಗೆ ಹೋಗುತ್ತದೆ? ಮೇಲಿನ ಸ್ವಿಚ್ಚಿಗೆ. ಆದರೆ ಮೇಲಕ್ಕೆ ಆಗಲೇ ಇನ್ನೊಂದು ವೈರಿತ್ತಲ್ಲ?

ಹೌದು, ಎರಡು ವೈರು ಎಳೆದವರು ಬುದ್ಧಿವಂತರೇ. ಒಂದನ್ನು ಇಲಿ ಕಡಿದರೆ ಇನ್ನೊಂದು ಇರಲಿ ಅಂತ. ಎರಡಿದ್ದೂ ಸುತ್ತು ಬೀಳದಂತೆ ಕಾಯುವ ಒಂದು ಏರ್ಪಾಡು ಸ್ವಿಚ್ಚಿನೊಳಗೇ ಇರುತ್ತದೆ. ಸ್ಪ್ಯಾನಿಂಗ್ ಟ್ರೀ ಅಂತ ಹೆಸರು. ಲ್ಯಾಪ್‌ಟಾಪ್ ಜೋಡಿಸಿ ಒಳಗೆ ನೋಡಿದರೆ, ಅದನ್ನು ಯಾರೋ ಆಫ್ ಮಾಡಿಬಿಟ್ಟಿದ್ದಾರೆ! ಯಾಕೆಂದು ಸಾವ್ಕಾರರ ಮಾತಿನಲ್ಲೇ ಗೊತ್ತಾಯಿತು. ಮೊದಮೊದಲು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ನೆಟ್‌ವರ್ಕ್ ಸಿಗಲು ಅರ್ಧ ನಿಮಿಷ ಹಿಡಿಯುತ್ತಿತ್ತಂತೆ. ಅದು ಅವರಿಗೆ ತಡೆಯಲಾಗಲಿಲ್ಲ. ವೈರು ಎಳೆದವನನ್ನೇ ಕರೆಸಿ, ಜಲ್ದಿ ಆಗುವಂತೆ ಮಾಡು ಅಂದರು. ಅವನು ಆ ಕಾವಲನ್ನೇ ಆಫ್ ಮಾಡಿ, ಸುತ್ತು ಬೀಳದಿರಲಿ ಎಂದು ಎರಡನೇ ವೈರನ್ನು ಕಿತ್ತು ಗೋಡೆಗೆ ಜೋತುಬಿಟ್ಟು ಹೋದ. ಸಾವ್ಕಾರರು ಖುಷ್.

ಆ ಅರ್ಧ ನಿಮಿಷ ಸ್ವಿಚ್ಚು ಏನು ಮಾಡುತ್ತಿರುತ್ತದೆ ಗೊತ್ತೇ? ಕೇಳುತ್ತಿರುತ್ತದೆ. ಹೊಸ ವೈರು ಬಂತು, ಇದರ ಆಚೆ ಯಾರಿದ್ದಾರೆ, ಇದರಿಂದ ಸುತ್ತು ಬೀಳುತ್ತದೆಯೋ ಎಂದು ಮೊದಲು ಕೇಳುತ್ತದೆ, ಆಮೇಲೆ ಕಲಿಯುತ್ತದೆ, ಕೊನೆಗೆ ಮಾತು ದಾಟಿಸುತ್ತದೆ. ನಾವು ಮನುಷ್ಯರೋ, ಬಂದ ಸುದ್ದಿಯನ್ನು ಮೊದಲು ದಾಟಿಸಿ, ಆಮೇಲೆ ಕೇಳುವವರು. (ಕಲಿಯುವ ಮಾತು ಬಿಡಿ.)

ಸರಿ. ಜೋತುಬಿದ್ದಿದ್ದ ವೈರನ್ನು ಮತ್ತೆ ಚುಚ್ಚಿದವರು ಯಾರು?

ವೈರಿನ ತುದಿ ಕೈಯಲ್ಲೇ ಇತ್ತು. ಪಾರದರ್ಶಕ ಪ್ಲಾಸ್ಟಿಕ್ಕಿನ ಸಣ್ಣ ಮೂತಿ. ಅದರ ಮೇಲೆ ಬೆಳ್ಳಗೆ ಏನೋ ಮೆತ್ತಿತ್ತು. ಸುಣ್ಣವೇನೋ ಅಂದುಕೊಂಡು ಉಜ್ಜಲು ಹೋದವಳು ನಿಲ್ಲಿಸಿದೆ. ತಲೆ ಎತ್ತಿ ನೋಡಿದರೆ ಸ್ವಿಚ್ಚಿನ ಮೇಲೆ ಮೂರು ಬೆರಳಿನ ವಿಭೂತಿ. ಪ್ರಿಂಟರಿನ ಮೇಲೆ ವಿಭೂತಿ. ಮಹಡಿ ಹತ್ತಿ ನೋಡಿದರೆ ಅಲ್ಲಿನ ಮಷೀನುಗಳ ಹಣೆಗೂ ವಿಭೂತಿ.

ಅಮಾವಾಸ್ಯೆಗೆ ಪೂಜೆ ಮಾಡದ ಅಂಗಡಿ ನಮ್ಮ ಕಡೆ ಎಲ್ಲಿದೆ ಹೇಳಿ? ಈ ಮನೆಯಲ್ಲಿ ಅದಕ್ಕೊಂದು ಪದ್ಧತಿ. ಯಜಮಾನ ಸ್ನಾನ ಮಾಡಿ, ಇನ್ಯಾರೂ ಬರುವ ಮುಂಚೆ, ತಾನೇ ಒಂದೊಂದಕ್ಕೂ ವಿಭೂತಿ ಹಚ್ಚಬೇಕು. ಆ ಬೆಳಿಗ್ಗೆ ಬೇರೆಯವರ ಕೈ ತಾಗಬಾರದು. ಅಪ್ಪನ ಕಾಲದಲ್ಲಿ ತೊಗರಿ ತೂಗುವ ತಕ್ಕಡಿಗೆ ಹಚ್ಚುತ್ತಿದ್ದರು, ಈಗ ಸ್ವಿಚ್ಚಿಗೆ. ಇದೆಲ್ಲ ನನಗೆ ಸಾವ್ಕಾರರೇ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದರು.

ನಿನ್ನೆ ಪೂಜೆ ಯಾರು ಮಾಡಿದ್ರಿ ಅಂತ ಕೇಳಿದೆ. ನಾನೇ, ಇನ್ಯಾರು ಮಾಡ್ತಾರ ಅಂದರು. ಆ ಮೂತಿಯನ್ನು ಅವರ ಅಂಗೈಯಲ್ಲಿ ಇಟ್ಟೆ. ಕನ್ನಡಕ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಮುಖ ಇಳಿಯಿತು.

“ಜೋತಾಡಾಕತ್ತಿತ್ರಿ,” ಅಂದರು. “ಪೂಜಾದಾಗ ಹಂಗ ಜೋತಬಿದ್ದದ್ದು ಇರಬಾರದು ಅಂತ, ಖಾಲಿ ತೂತಿತ್ತಲ್ಲ, ಅದರಾಗ ಚುಚ್ಚಿದೆ.”

ತಪ್ಪೇನು? ನೀವಾಗಿದ್ದರೂ ಚುಚ್ಚುತ್ತಿದ್ದಿರಿ. ಎದುರಿಗೆ ಖಾಲಿ ತೂತು, ಕೈಯಲ್ಲಿ ಅದಕ್ಕೆ ಸರಿಹೊಂದುವ ಮೂತಿ. ಕಾವಲು ಇದ್ದಿದ್ದರೆ ಅದರಿಂದ ಒಂದು ದೀಪವೂ ಅಲುಗುತ್ತಿರಲಿಲ್ಲ. ಇದನ್ನೇ ಅವರಿಗೆ ಹೇಳಿದೆ. ಜಗದೇವಿ ಬಂದು ಬಟನ್ ಒತ್ತುವ ಮೊದಲೇ ಸುತ್ತು ಬಿದ್ದಾಗಿತ್ತು. ಅವಳು ಬರೀ ಕಂಪ್ಯೂಟರಿನ ಬಾಯಿ ತೆರೆದಳು, ಅಷ್ಟೇ.

ಕಾವಲನ್ನು ಮತ್ತೆ ಹಚ್ಚಲು ಕೂತೆ. ಅದರಲ್ಲೂ ಆಯ್ಕೆಗಳಿವೆ. ಹಳೆಯ ಸ್ಪ್ಯಾನಿಂಗ್ ಟ್ರೀ ಅರ್ಧ ನಿಮಿಷ ಯೋಚಿಸುತ್ತದೆ. ಹೊಸತು, ರ‍್ಯಾಪಿಡ್ ಅನ್ನುತ್ತಾರೆ, ಅದೇ ಕೆಲಸವನ್ನು ಕಣ್ಣುಮಿಟುಕಿಸುವುದರಲ್ಲಿ ಮುಗಿಸುತ್ತದೆ. ದೊಡ್ಡ ದೊಡ್ಡ ಕ್ಯಾಂಪಸ್ಸುಗಳಿಗೆ, ಹತ್ತಾರು ಗುಂಪು ಬೇರೆ ಬೇರೆ ದಾರಿ ಹಿಡಿಯಬೇಕಾದಲ್ಲಿ, ಮಲ್ಟಿಪಲ್ ಎಂಬ ಇನ್ನೊಂದಿದೆ. ಎರಡು ಪೆಟ್ಟಿಗೆಯ ಲ್ಯಾಬಿಗೆ ಅದು ಬೇಡ. ರ‍್ಯಾಪಿಡ್ ಹಚ್ಚಿದೆ. ಕಂಪ್ಯೂಟರ್ ಒಂದೇ ಕೂತಿರುವ ತೂತುಗಳಿಗೆ ‘ಇಲ್ಲಿ ಕಾಯಬೇಕಿಲ್ಲ, ಕೂಡಲೇ ಬಿಡು’ ಎಂದು ಬೇರೆಯಾಗಿ ಹೇಳಿದೆ. ಮೊದಲೇ ಇಷ್ಟು ಮಾಡಿದ್ದರೆ ಸಾವ್ಕಾರರ ಅವಸರವೂ ತೀರುತ್ತಿತ್ತು, ಕಾವಲೂ ಉಳಿಯುತ್ತಿತ್ತು.

ಇನ್ನೊಂದು ಇತ್ತು. ಈ ಏರ್ಪಾಡಿನಲ್ಲಿ ಪೆಟ್ಟಿಗೆಗಳು ತಮ್ಮೊಳಗೆ ಒಂದನ್ನು ಯಜಮಾನ ಎಂದು ಆರಿಸಿಕೊಳ್ಳುತ್ತವೆ. ಇಂಥದ್ದೇ ಆಗಲಿ ಎಂದು ನಾವು ಹೇಳದಿದ್ದರೆ ಯಾವುದಕ್ಕೆ ಕಾರ್ಖಾನೆಯಲ್ಲಿ ಬಿದ್ದ ನಂಬರು ಚಿಕ್ಕದೋ ಅದೇ ಯಜಮಾನ. ಬಹಳಷ್ಟು ಸಲ ಅದು ಎಲ್ಲಕ್ಕಿಂತ ಹಳೆಯ, ಏದುಸಿರು ಬಿಡುವ ಪೆಟ್ಟಿಗೆಯೇ ಆಗಿರುತ್ತದೆ. ಇಲ್ಲೂ ಹಾಗೇ ಆಗುವುದರಲ್ಲಿತ್ತು. ಕೆಳಗಿನ ಹೊಸ ಪೆಟ್ಟಿಗೆಗೆ ಯಜಮಾನಿಕೆ ಬರೆದೆ. (ನಮ್ಮ ಮನೆಗಳಲ್ಲಿ ಇಷ್ಟು ಸಲೀಸಾಗಿ ಬರೆದುಕೊಡುತ್ತಾರೆಯೇ?)

ಈಗ ನೀಲಿ ವೈರನ್ನು ನಾನೇ ಚುಚ್ಚಿದೆ. ಸಾವ್ಕಾರರು ಒಂದು ಹೆಜ್ಜೆ ಹಿಂದೆ ಸರಿದರು. ಏನೂ ಆಗಲಿಲ್ಲ. ಮೇಲಿನ ಸ್ವಿಚ್ಚಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಒಂದು ವೈರಿನ ದೀಪ ಹಸಿರು, ಇನ್ನೊಂದರದು ಕಿತ್ತಳೆ. ಇದು ಸುಮ್ನ ಕುಂತದಲ್ರಿ ಅಂದರು. ಸುಮ್ಮನೆ ಕೂರುವುದೇ ಅದರ ಕೆಲಸ, ಮೊದಲನೆಯದು ತುಂಡಾದರೆ ಏಳುತ್ತದೆ, ದಯವಿಟ್ಟು ಇದನ್ನು ಕೀಳಬೇಡಿ ಅಂದೆ. ಅದಕ್ಕೆ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ಕುತೂಹಲದ ಮನುಷ್ಯ, ಅದೊಂದು ಒಳ್ಳೆಯ ಗುಣ.

ಹೇಳಿದೆ. ಕೆಳಗಿನ ಯಜಮಾನ ಪೆಟ್ಟಿಗೆ ಆಗಾಗ ‘ನಾನಿದ್ದೇನೆ’ ಎಂದು ಹೇಳುತ್ತಿರುತ್ತದೆ, ಆ ಮಾತಿಗೆ ತನ್ನ ಗುರುತು ಹಚ್ಚಿರುತ್ತದೆ. ಮೇಲಿನ ಪೆಟ್ಟಿಗೆಗೆ ಆ ಮಾತು ಎರಡೂ ವೈರಿನಿಂದ ಬರುತ್ತದೆ. ಎರಡು ಕಡೆಯಿಂದ ಬಂತು, ಹಾಗಾದರೆ ಇಬ್ಬರು ಹೇಳುತ್ತಿದ್ದಾರೆ ಎಂದು ಅದು ತಿಳಿಯುವುದಿಲ್ಲ. ಗುರುತು ನೋಡುತ್ತದೆ. ಇದು ಒಂದೇ ಬಾಯಿಯ ಮಾತು ಎಂದು ಗೊತ್ತಾಗುತ್ತದೆ, ಒಂದು ಬಾಗಿಲು ಹಾಕಿಕೊಳ್ಳುತ್ತದೆ.

ಸಾವ್ಕಾರರು ಹೂಂಗುಟ್ಟಿದರು. ಕೆಳಗಿಳಿದೆವು. ಇನ್ನು ಆ ಹುಡುಗಿಯನ್ನು ಒಳಗೆ ಕರೆಯಬಹುದಲ್ಲ ಅಂದೆ. ಅವರು ಹೊಸ್ತಿಲ ಹತ್ತಿರ ನಿಂತುಬಿಟ್ಟರು. ವೈರು ತಮ್ಮದೇ ಕೈಯಿಂದಾದದ್ದು, ಒಪ್ಪಿದರು. ಆದರೂ ಮನಸ್ಸು ಕರಗಿರಲಿಲ್ಲ. ಅವಳೂ ಏನೋ ಮಾಡಿರಬೇಕು, ಇಲ್ಲದಿದ್ದರೆ ಆಳಂದದವರು, ಅಫಜಲಪುರದವರು ಯಾಕೆ ಅವಳ ಹೆಸರೇ ಹೇಳುತ್ತಾರೆ ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿನಿಂದ ಲೂಪ್ ಬಿಡಿಸಲಾಗುವುದಿಲ್ಲ. ಒಂದೊಂದೇ ವೈರು ಕಿತ್ತು ನೋಡಬೇಕು. ತಮ್ಮನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಹುಡುಗಿ ಕೆಡಿಸಿದಳು ಅಂತ ನಿನಗೆ ಯಾರು ಹೇಳಿದರು ಎಂದಷ್ಟೇ ಕೇಳಿ ಅಂದೆ.

ಕೇಳಿದರು. ಆಳಂದದ ಮಲ್ಲಣ್ಣನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

“ಯಾರು ಹೇಳ್ತಾರ ಅಣ್ಣಾ? ನಿನ್ನಿ ಮುಂಜಾನಿ ನೀನೇ ಫೋನ್ ಹಚ್ಚಿ ಅಂದ್ಯಲ್ಲ, ಕೌಂಟರ್ ಹುಡುಗಿನೇ ಏನರೆ ಮಾಡಿರಬೇಕು ಅಂತ.”

ಮುಂದೆ ಅಫಜಲಪುರ. ಅಳಿಯ ಚಂದ್ರಕಾಂತ ಬಹಳ ಮರ್ಯಾದೆಯಿಂದ, ಆಳಂದದ ಮಲ್ಲಣ್ಣ ಕಾಕಾ ಹೇಳಿದ್ರಿ ಮಾವಾರ ಅಂದ. ಅವರು ವೈರು ಕಿತ್ತಿದ್ದಾಳೆ ಅಂದರಂತೆ, ಇವನು ಅದನ್ನೇ ಸಂಜೆ ಮಾವನಿಗೆ ಫೋನ್ ಮಾಡಿ, ಮಷೀನು ಕೆಡಿಸಿದಳಂತಲ್ಲ ಅಂದನಂತೆ. ಜೇವರ್ಗಿಯಿಂದ ಆಳಂದ, ಆಳಂದದಿಂದ ಅಫಜಲಪುರ, ಅಫಜಲಪುರದಿಂದ ತಿರುಗಿ ಜೇವರ್ಗಿ. ಹೋಗುವಾಗ ‘ಮಾಡಿರಬೇಕು’ ಇತ್ತು. ಬರುವಾಗ ‘ಮಾಡಿದಳು’ ಆಗಿತ್ತು.

ಸಾವ್ಕಾರರು ಫೋನನ್ನು ಕೌಂಟರಿನ ಮೇಲಿಟ್ಟರು.

“ಅಂದ್ರ ಒಂದೇ ಬಾಯಿ ಅನ್ರಿ,” ಅಂದರು ಕೊನೆಗೆ. “ನಂದೇ.”

ಕೆಟ್ಟ ಮನುಷ್ಯರಲ್ಲ ಅವರು. ಒಳ್ಳೆಯವರ ಬಾಯಿಂದಲೂ ಗಾಬರಿಯಲ್ಲಿ ಒಂದು ಮಾತು ಜಾರುತ್ತದೆ. ಜಾರಿದ್ದು ಅಲ್ಲೇ ಬಿದ್ದು ಸತ್ತುಹೋದರೆ ಯಾರಿಗೂ ನಷ್ಟವಿಲ್ಲ. ಆದರೆ ಅದು ನಾಲ್ಕು ಊರು ಸುತ್ತಿ, ಹೊಸ ಬಟ್ಟೆ ಹಾಕಿಕೊಂಡು ನಮ್ಮ ಬಾಗಿಲಿಗೇ ಬಂದಾಗ, ನಾವು ಅದನ್ನು ಒಳಗೆ ಕರೆದು ಕುರ್ಚಿ ಕೊಡುತ್ತೇವಲ್ಲ, ಕೇಡು ಅಲ್ಲಿದೆ.

ಅವರು ಹೊರಗೆ ಹೋದರು. ಜಗದೇವಿ ಎದ್ದು ನಿಂತಳು, ಕೀಲಿ ಚಾಚಿದಳು. ಅವರು ಕೀಲಿ ತೆಗೆದುಕೊಳ್ಳಲಿಲ್ಲ. ಅವಳ ಎದುರಿಗೇ ಮತ್ತೆ ಆಳಂದಕ್ಕೆ ಫೋನ್ ಹಚ್ಚಿದರು.

“ವೈರ್ ಚುಚ್ಚಿದಾಂವ ನಾನು ಮಲ್ಲಣ್ಣ. ಹುಡುಗಿದೇನೂ ತಪ್ಪಿಲ್ಲ. ನೀ ಯಾರ್ಯಾರಿಗಿ ಹೇಳೀದಿ, ಅವರಿಗೆಲ್ಲ ನೀನೇ ತಿರುಗಿ ಹೇಳು.”

ಅಫಜಲಪುರಕ್ಕೂ ಅದೇ ಮಾತು ಹೇಳಿದರು. ಆಮೇಲೆ ಜಗದೇವಿಗೆ, ಮಂದಿ ಕಾಯಾಕತ್ಯಾರ ನಡೀ ಮಗಳ ಅಂದರು. ಅವಳು ಒಳಗೆ ಹೋಗಿ ಬುತ್ತಿ ಡಬ್ಬಿಯನ್ನು ಅದರ ಜಾಗದಲ್ಲಿಟ್ಟು, ಪ್ರಿಂಟರು ಉಗುಳಿದ್ದ ಕಾಗದಗಳನ್ನು ಹೆಸರಿನ ಪ್ರಕಾರ ಜೋಡಿಸತೊಡಗಿದಳು. ನನಗೆ ಎಂದೂ ಇಲ್ಲದ ಸಮಾಧಾನವಾಯಿತು. ಬ್ಯಾಗು ಹೆಗಲಿಗೇರಿಸಿ, ಬಂದ ಕೆಲಸ ಮುಗಿಯಿತು ಅಂದುಕೊಂಡು ಬಸ್ಸು ಹತ್ತಿದೆ.

ಮುಗಿದಿರಲಿಲ್ಲ.

ಮೊನ್ನೆ ಆಳಂದದಲ್ಲಿ ಒಂದು ಕಾಲೇಜಿನ ಕೆಲಸವಿತ್ತು. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ತಿನ್ನುತ್ತಾ ಕೂತಿದ್ದೆ. ಪಕ್ಕದ ಟೇಬಲ್ಲಿನ ತೊಗರಿ ವ್ಯಾಪಾರಿಯೊಬ್ಬರು ನನ್ನ ಲ್ಯಾಪ್‌ಟಾಪ್ ಬ್ಯಾಗು ನೋಡಿ ಮಾತಿಗೆಳೆದರು. ಕಂಪ್ಯೂಟರ್ ಮಂದಿಯೇನ್ರಿ ಎಂದು ಕೇಳಿ, ಈಗಿನ ಹುಡುಗಿಯರ ಕೈಗೆ ಮಷೀನು ಕೊಡುವುದೇ ತಪ್ಪು ಅಂದರು. ಜೇವರ್ಗಿಯ ಒಂದು ಲ್ಯಾಬಿನಲ್ಲಿ ನೆಲೋಗಿ ಹುಡುಗಿಯೊಬ್ಬಳು ಅಷ್ಟೂ ಮಷೀನು ಸುಟ್ಟಳಂತೆ, ಗೊತ್ತಿಲ್ಲವೇ ಅಂದರು.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನೆಟ್‌ವರ್ಕಿನ ಲೂಪು ಒಂದು ವೈರು ಕಿತ್ತರೆ ಸಾಕು, ಆ ಕ್ಷಣವೇ ಸಾಯುತ್ತದೆ. ಇದು ಇನ್ನೂ ಸುತ್ತುತ್ತಲೇ ಇತ್ತು. ಕೆಟ್ಟದ್ದು ಈಗ ಸುಟ್ಟದ್ದಾಗಿತ್ತು. ಸಾವ್ಕಾರರು ಕಳಿಸಿದ ತಿದ್ದುಪಡಿ ಯಾವ ತಿರುವಿನಲ್ಲಿ ನಿಂತುಹೋಯಿತೋ ಕಾಣೆ. ಜಗದೇವಿ ಈಗಲೂ ಅದೇ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಾಳೆ, ನೆಲೋಗಿ ಬಸ್ಸಿನಲ್ಲಿ ಈಗಲೂ ಯಾರಾದರೊಬ್ಬರು ಅದೇನಾಯಿತಬೇ ಎಂದು ಕೇಳುತ್ತಾರಂತೆ.

ಸುಟ್ಟಿಲ್ಲ, ನಾನೇ ಹೋಗಿ ನೋಡಿ ಬಂದವಳು ಎಂದು ಆ ವ್ಯಾಪಾರಿಗೆ ನಡೆದದ್ದನ್ನೆಲ್ಲ ಹೇಳಿದೆ. ಸಮಾಧಾನದಿಂದ ಕೇಳಿದರು. ಮಜ್ಜಿಗೆ ಕುಡಿದರು. ಆಮೇಲೆ, ನೀವು ಒಬ್ಬರೇ ಹಿಂಗ ಅಂತೀರಿ, ನನಗ ಮೂರು ಮಂದಿ ಹೇಳ್ಯಾರ ಅಂದು ಕೈ ತೊಳೆಯಲು ಎದ್ದರು.

ಎರಡು ವೈರಿನಿಂದ ಬಂದ ಮಾತು ಒಂದೇ ಬಾಯಿಯದೆಂದು ಒಂದು ತಗಡಿನ ಪೆಟ್ಟಿಗೆಗೆ ತಿಳಿಯುತ್ತದೆ. ನಿಮಗೆ ಆ ಮಾತು ಹೇಳಿದ ಮೂರು ಮಂದಿಗೆ ಹೇಳಿದವರು ಯಾರು, ಕೇಳಿದ್ದೀರಾ?